ಡಬ್ಬಿ ತೆಗೆಯುವ ದಿನ

ಹೊಸದುರ್ಗದಲ್ಲಿ ಬ್ಯೂಟಿ ಪಾರ್ಲರ್ ಇಟ್ಟ ಮೇಲೆ ನನಗೆ ಖಾತ್ರಿಯಾದ ಸಂಗತಿ ಒಂದೇ. ಹೆಂಗಸರು ಮುಖಕ್ಕೆ ಖರ್ಚು ಮಾಡಬೇಕಾದ ಕಡೆ ಉಳಿಸುತ್ತಾರೆ, ಉಳಿಸಬೇಕಾದ ಕಡೆ ಸುರಿಯುತ್ತಾರೆ, ಎರಡಕ್ಕೂ ಬಯ್ಯಿಸಿಕೊಳ್ಳುವವಳು ನಾನು. ಇವತ್ತೊಂದು ದಿನ ಏನೂ ಆಗದೆ ಕಳೆದರೆ ಸಾಕಪ್ಪಾ ಅಂದುಕೊಂಡು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಬೋರ್ಡಿನ ಧೂಳು ಒರೆಸುತ್ತೇನೆ. ಒರೆಸಿದ ಬಟ್ಟೆ ಒಣಗುವುದರೊಳಗೆ ಏನಾದರೂ ಆಗಿರುತ್ತದೆ.

ಪಾರ್ಲರ್ ಅಂದರೆ ದೊಡ್ಡದೇನಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆ. ಒಂದು ತಿರುಗುವ ಕುರ್ಚಿ, ಒಂದು ಕನ್ನಡಿ, ಮುಖಕ್ಕೆ ಹಬೆ ಬಿಡುವ ಒಂದು ಯಂತ್ರ, ಒಂದು ಪರದೆ. ಪರದೆಯ ಆಚೆ ಅಡುಗೆಮನೆ, ಅಡುಗೆಮನೆಯಲ್ಲಿ ನಮ್ಮತ್ತೆ. ಮಗಳು ಶಾಲೆಗೆ ಸೇರಿದ ವರ್ಷ ನಾನು ದಿನಾ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಕೆಲಸ ಕಲಿತೆ. ಕಲಿಸಿದಾಕೆ ಹುಬ್ಬು ಹೇಗೆ ತೆಗೆಯಬೇಕು ಅಂತ ಚೆನ್ನಾಗಿ ಹೇಳಿಕೊಟ್ಟಳು. ಗಿರಾಕಿಯ ಬಾಯಿಗೆ ಹೇಗೆ ಉತ್ತರ ಕೊಡಬೇಕು ಅಂತ ಹೇಳಿಕೊಡಲಿಲ್ಲ.

ಯಾಕೆಂದರೆ ನನಗೂ ಒಂದು ಮುಖ ಇದೆ, ಅದರ ಎಡಗೆನ್ನೆಯ ಮೇಲೆ ಅಂಗೈಯಗಲ ಬಂಗು ಇದೆ. ಮಗಳು ಹೊಟ್ಟೆಯಲ್ಲಿದ್ದಾಗ ಬಂದ ಕಪ್ಪು. ಅವಳು ಹೊರಗೆ ಬಂದಳು, ಅದು ಹೋಗಲಿಲ್ಲ. ಬಂದ ಗಿರಾಕಿ ಮೊದಲು ಕನ್ನಡಿ ನೋಡುವುದಿಲ್ಲ, ನನ್ನ ಕೆನ್ನೆ ನೋಡುತ್ತಾಳೆ. "ಊರಿಗೆಲ್ಲ ಮಾಡ್ತೀರಿ, ನಿಮ್ದಕ್ಕೇ ಏನೂ ಇಲ್ವೇನಕ್ಕ?" ಅನ್ನುತ್ತಾಳೆ. ಹಾಗಾಗಿ ನಮ್ಮ ಮನೆಯ ಫೋಟೋಗಳಲ್ಲಿ ನಾನು ಯಾವಾಗಲೂ ಅರ್ಧವೇ ಇರುತ್ತೇನೆ. ಬಲಗೆನ್ನೆ ಕ್ಯಾಮೆರಾಕ್ಕೆ, ಎಡಗೆನ್ನೆಯ ಮುಂದೆ ಆರತಿ ತಟ್ಟೆಯೋ, ಯಾರದೋ ಮಗುವೋ, ಅದೂ ಸಿಗದಿದ್ದರೆ ಒಂದು ಕಂಬವೋ.

ಆಸೆ ಅಂತ ಇದ್ದದ್ದು ಒಂದೇ. ಮಗಳ ಮದುವೆಯಲ್ಲಿ ಅವಳ ಪಕ್ಕ ನಿಂತು, ನೆಟ್ಟಗೆ ಕ್ಯಾಮೆರಾ ನೋಡಿ, ಬಂಗು ಕಾಣದ ಒಂದು ಫೋಟೋ ತೆಗೆಸಿಕೊಳ್ಳಬೇಕು. ಅದಕ್ಕಾಗಿ ಚಿತ್ರದುರ್ಗದ ಅಂಗಡಿಯೊಂದರಲ್ಲಿ, ಬೆಲೆ ಕೇಳಿ ಹೊರಗೆ ಬಂದು, ರಸ್ತೆಯಲ್ಲಿ ನಿಂತು ಯೋಚನೆ ಮಾಡಿ, ಮತ್ತೆ ಒಳಗೆ ಹೋಗಿ ಒಂದು ದುಬಾರಿ ಫೌಂಡೇಶನ್ ಡಬ್ಬಿ ತಂದೆ. ಎಂಥಾ ಕಲೆಯನ್ನೂ ಮುಚ್ಚುತ್ತದೆ ಅಂದಿದ್ದರು. ಬೀರುವಿನಲ್ಲಿ ನನ್ನ ಧಾರೆ ಸೀರೆಯ ಕೆಳಗೆ ಇಟ್ಟು ಬೀಗ ಹಾಕಿದೆ. ಮಗಳು ಆಗಿನ್ನೂ ಹೈಸ್ಕೂಲಿನಲ್ಲಿದ್ದಳು.

ಹಬೆ

ಶುರುವಿನ ದಿನಗಳಲ್ಲಿ ಇಬ್ಬರು ವಾರಗಿತ್ತಿಯರು ಬಂದರು. ಮೈದುನನ ಮದುವೆಗೆ ಫೇಶಿಯಲ್ ಮಾಡಿಸಬೇಕಂತೆ. ದೊಡ್ಡಾಕೆ ಕುರ್ಚಿಯ ಸುತ್ತ ಒಂದು ಸುತ್ತು ಬಂದು, "ಒಂದು ಫೇಶಿಯಲ್ ಅಂದ್ರೆ ಎಷ್ಟು ಮುಖಕ್ಕೆ?" ಅಂತ ಕೇಳಿದಳು.

"ಒಂದು ಮುಖಕ್ಕೆ."

"ನಮ್ಮಿಬ್ರದೂ ಸಣ್ಣ ಮುಖ ಕಣಕ್ಕ."

ನಾನು ಎಷ್ಟೋ ಹೇಳಿದೆ. ಸಣ್ಣಾಕೆ ತನ್ನ ಗಲ್ಲವನ್ನು ಗೇಣಿನಲ್ಲಿ ಅಳೆದು ತೋರಿಸಿದಳು. ಕೊನೆಗೆ ವಾದ ಮಾಡುವುದಕ್ಕಿಂತ ಉಜ್ಜಿ ಕಳಿಸುವುದೇ ಸುಲಭ ಅನ್ನಿಸಿತು. ಉಜ್ಜುವ ಕ್ರೀಮು ದೊಡ್ಡಾಕೆಗೆ, ಮೇಲೆ ಬಳಿಯುವ ಪ್ಯಾಕು ಸಣ್ಣಾಕೆಗೆ, ಮಸಾಜು ಇಬ್ಬರಿಗೂ ಒಂದೊಂದು ಕೈ. ಹಬೆಯನ್ನು ಹಂಚುವುದು ಹೇಗೆ ಅಂತ ನಾನು ನೋಡುತ್ತಿರುವಾಗಲೇ ಇಬ್ಬರೂ ಎದುರು ಬದುರು ಕೂತು, ತಲೆಯ ಮೇಲೆ ಒಂದೇ ಟವೆಲ್ ಹೊದ್ದುಕೊಂಡು, ಯಂತ್ರಕ್ಕೆ ಮುಖ ಒಡ್ಡಿಬಿಟ್ಟರು.

ಟವೆಲ್ಲಿನೊಳಗೆ ಮೊದಲು ಪಿಸುಮಾತು. ಆಮೇಲೆ ಅತ್ತೆಯ ಸರ ಯಾರಿಗೆ ಹೋಗಬೇಕು ಅನ್ನುವ ಮಾತು. ಆಮೇಲೆ ಟವೆಲ್ಲು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಜಗ್ಗತೊಡಗಿತು. ನಾನು ಬಿಡಿಸುವಷ್ಟರಲ್ಲಿ ಇಬ್ಬರೂ ಹೊರಬಂದರು. ಮುಖಗಳೇನೋ ಹೊಳೆಯುತ್ತಿದ್ದವು, ಆದರೆ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಒಂದೇ ಬಾಗಿಲಲ್ಲಿ ಹೊರಗೆ ಹೋಗಿ, ಒಬ್ಬಾಕೆ ಪೇಟೆಯ ಕಡೆಗೆ, ಒಬ್ಬಾಕೆ ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ಯಂತ್ರ ಆರಿಸುವುದನ್ನೂ ಮರೆತು ನಾನು ನಿಂತಿದ್ದೆ.

ನಮ್ಮತ್ತೆ ಪರದೆ ಸರಿಸಿ ಇಣುಕಿದರು. ಅವರಿಗೆ ಜಗಳದ ಮೇಲೆ ಗಮನವೇ ಇರಲಿಲ್ಲ.

"ಹಬೆ ಸುಮ್ನೆ ಹೋಗ್ತೈತಲ್ಲೇ," ಅಂದರು. "ಮೇಲೊಂದು ತಟ್ಟೆ ಇಟ್ಟಿದ್ರೆ ನಾಕು ಕಡುಬು ಬೆಂದಿರಾವು."

ಸಣ್ಣ ಕಾಯಿ

ನಮ್ಮೂರ ಸುತ್ತ ತೆಂಗಿನ ತೋಟ. ತೋಟದ ಮನೆಯಾಕೆಯೊಬ್ಬಳು ಹುಬ್ಬು ತೆಗೆಸಲು ತಪ್ಪದೆ ಬರುತ್ತಿದ್ದಳು, ಕೈಯಲ್ಲಿ ಒಂದು ವೈರ್ ಬ್ಯಾಗು. "ದುಡ್ಡು ನಮ್ ಯಜಮಾನ್ರ ಜೇಬಾಗಿರ್ತೈತೆ, ಕಾಯಿ ನನ್ ಕೈಯಾಗಿರ್ತಾವೆ. ನನ್ ಕೈಯಾಗಿರೋದ್ನ ನಾನು ಕೊಡ್ತೀನಿ," ಅಂತ ಮೊದಲ ದಿನವೇ ಹೇಳಿದ್ದಳು. ನನಗೂ ಸರಿ ಅನ್ನಿಸಿತು. ಒಂದು ಹುಬ್ಬಿಗೆ ಒಂದು ಕಾಯಿ ಅಂತ ಆಯಿತು. ನಮ್ಮತ್ತೆಗಂತೂ ನನ್ನ ಗಿರಾಕಿಗಳಲ್ಲಿ ಆಕೆಯೊಬ್ಬಳೇ ಗೌರವಸ್ಥಳು.

ಒಂದು ಸಲ ಕಾಯಿಯ ರೇಟು ಬಿತ್ತು. ಮನೆಯಲ್ಲಿ ಕಾಯಿ ರಾಶಿ ಬಿದ್ದಿತ್ತು, ಪಲ್ಯಕ್ಕೆ ಕಾಯಿ, ಸಾರಿಗೆ ಕಾಯಿ, ನನ್ನ ಗಂಡ ಕಾಯಿ ಕಂಡರೆ ಎದ್ದು ಹೋಗುವ ಹಾಗಾಗಿತ್ತು. ಇನ್ನೊಂದು ಕಾಯಿ ಜಾಸ್ತಿ ಕೊಡು ಅಂತ ಕೇಳಿ ಉಪಯೋಗವಿಲ್ಲ. ಹಾಗಾಗಿ ಸ್ವಲ್ಪ ದುಡ್ಡೇ ಕೊಡಮ್ಮ ಅಂದೆ.

"ಕಾಯಿ ರೇಟು ಬಿದ್ರೆ ನನ್ ಹುಬ್ಬು ಬೆಳೆಯೋದು ನಿಲ್ತೈತೇನಕ್ಕ?" ಅಂದು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು. ಮಾತು ಮುಗಿಯಿತು ಅಂತ ಅರ್ಥ. ದಾರ ಹಿಡಿದು ಎರಡೂ ಹುಬ್ಬು ತೆಗೆದೆ. ಹೋಗುವಾಗ ಬ್ಯಾಗಿನಿಂದ ಎರಡು ಕಾಯಿ ತೆಗೆದು ಸ್ಟೂಲಿನ ಮೇಲೆ ಇಟ್ಟಳು. ಒಂದು ದಪ್ಪನೆಯದು, ಇನ್ನೊಂದು ಮುಷ್ಟಿಯಲ್ಲಿ ಹಿಡಿಯುವಷ್ಟು.

"ಇದೇನಮ್ಮ ಇಷ್ಟು ಸಣ್ಣದು?" ಅಂದೆ.

ಆಕೆ ಕನ್ನಡಿಗೆ ಬಗ್ಗಿ ನೋಡಿಕೊಂಡು ಹೇಳಿದಳು. "ಎಡಗಡೆ ಹುಬ್ಬು ತೆಳ್ಳಗೈತಲ್ಲಕ್ಕ. ಅದಕ್ಕೇ ಆರಿಸಿ ತಂದೀನಿ."

ಛತ್ರಿ

ಹಳ್ಳಿ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುವ ಒಬ್ಬರು ಮೇಡಂ ಇದ್ದರು. ಒಂದು ಬೇಸಿಗೆಯ ಮಧ್ಯಾಹ್ನ ಬಸ್ಸಿಳಿದು ನೇರ ನನ್ನ ಕುರ್ಚಿಗೆ ಬಂದು ಕೂತರು. "ಮುಖ ಸುಟ್ಟ ಬದ್ನೆಕಾಯಿ ಆಗೈತೆ. ಏನಾದ್ರೂ ಒಳ್ಳೇ ಕ್ರೀಮ್ ಕೊಡ್ರಿ," ಅಂದರು.

ಅವತ್ತು ನನಗೆ ಏನು ಬಡಿದಿತ್ತೋ, ನಿಜ ಹೇಳಿಬಿಟ್ಟೆ. "ಕ್ರೀಮಿಗೆ ಸುಮ್ನೆ ಯಾಕ್ ಸುರೀತೀರಿ ಮೇಡಂ? ಒಂದು ಛತ್ರಿ ಹಿಡೀರಿ, ಸೆರಗು ಹೊದ್ಕಳ್ರಿ, ಸಂಜೆ ಕಡ್ಲೆಹಿಟ್ಟಲ್ಲಿ ಮುಖ ತೊಳೀರಿ. ಅಷ್ಟೇ ಸಾಕು."

ಮೇಡಂ ಮುಖ ಬಿಗಿಯಿತು. "ಅಂದ್ರೆ? ನಮ್ ಕೈಲಿ ಆಗಲ್ಲ ಅಂತ ತಿಳ್ಕಂಡ್ರಾ? ನಮ್ ಪಕ್ಕದ ಮನೆಯಾಕೆಗೆ ಮೂರು ಥರ ಕೊಟ್ಟೀರಿ. ನಾನೇನು ಆಕೆಗಿಂತ ಕಡಿಮೇನಾ?"

ಪಕ್ಕದ ಮನೆಯಾಕೆ ಕೇಳಿ ತೆಗೆದುಕೊಂಡು ಹೋಗಿದ್ದಳು, ನಾನು ಕೊಟ್ಟದ್ದಲ್ಲ. ಹೇಳಿದರೆ ಕೇಳುವವರು ಯಾರು? ಮೇಡಂಗೂ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು, ಮಲಗುವಾಗ ಒಂದು ಕಟ್ಟಿಕೊಟ್ಟೆ. ಈ ವ್ಯಾಪಾರದಲ್ಲಿ ಒಳ್ಳೆಯದು ಹೇಳಿದರೆ ಅವರಿಗೆ ಅವಮಾನ, ಬೇಡದ್ದು ಮಾರಿದರೆ ನನಗೆ ಮರ್ಯಾದೆ. ಒಂದೊಂದು ಸಲ ಬಾಗಿಲು ಹಾಕಿಕೊಂಡು ಮಲಗಿಬಿಡೋಣ ಅನ್ನಿಸುತ್ತದೆ.

ಸ್ವಲ್ಪ ದಿನ ಕಳೆದು ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಮೊದಲು ಗುರುತೇ ಸಿಗಲಿಲ್ಲ. ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಗಂಡಸರು ಹಿಡಿಯುವ ದೊಡ್ಡ ಕರಿ ಛತ್ರಿ. ಒಳಗೆ ಇಣುಕಿ ನೋಡಿದರೆ ಮುಖ ನಿಜಕ್ಕೂ ತಿಳಿಯಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, "ನೋಡಿದ್ರಾ ಮೇಡಂ, ಛತ್ರಿ ಹಿಡಿದದ್ದಕ್ಕೆ ಹೆಂಗೆ ತಿಳಿಯಾಗೈತೆ!" ಅಂದುಬಿಟ್ಟೆ.

"ಛತ್ರಿ ಮುಖಕ್ಕಲ್ಲ ಕಣ್ರೀ," ಅಂದರು ಮೇಡಂ. "ಅಷ್ಟು ದುಡ್ಡು ಸುರಿದು ಹಚ್ಚಿದೀನಿ. ಬಿಸಿಲಿಗೆ ಕ್ರೀಮ್ ಕರಗಿ ಹೋದ್ರೆ?"

ಓಕುಳಿ

ಹೊಳಲ್ಕೆರೆ ಕಡೆಯ ಹಳ್ಳಿಯ ಹುಡುಗಿಯೊಬ್ಬಳ ಮದುವೆ ನಮ್ಮೂರ ಛತ್ರದಲ್ಲಿ ಇತ್ತು. ಹುಡುಗಿಯ ತಾಯಿ ಯಾವತ್ತೂ ಮುಖಕ್ಕೆ ಸೋಪು ಬಿಟ್ಟು ಬೇರೇನೂ ಕೊಡಿಸಿದವಳಲ್ಲ. ಆದರೆ ಅವತ್ತು ಗಂಟು ಬಿಚ್ಚಿದ್ದಳು. "ಇರೋದ್ರಾಗೆ ಭಾರಿದು ಮಾಡ್ರಿ. ಬ್ಲೀಚೂ ಮಾಡ್ರಿ, ಫೇಶಿಯಲ್ಲೂ ಮಾಡ್ರಿ. ಒಂದೇ ಮಗಳು," ಅಂದಳು. ನಾನು ಎರಡು ಸಲ ಕೇಳಿದೆ, "ಅರಿಶಿನ ಶಾಸ್ತ್ರ ಮುಗೀತಾ?" ಅಂತ. ಮುಗೀತು ಅಂತ ಹುಡುಗಿಯೇ ಹೇಳಿದಳು.

ಮುಗಿದದ್ದು ಅವರ ಮನೆಯ ಶಾಸ್ತ್ರ. ಛತ್ರದಲ್ಲಿ ಸೋದರತ್ತೆಯರದ್ದು ಬಾಕಿ ಇತ್ತು. ಬ್ಲೀಚು, ಫೇಶಿಯಲ್ಲು ಎಲ್ಲ ಮುಗಿಸಿ ಹುಡುಗಿಯನ್ನು ಸಂಜೆ ಛತ್ರಕ್ಕೆ ಕರೆದುಕೊಂಡು ಹೋದರೆ, ಐದಾರು ಜನ ಹೆಂಗಸರು ಬಟ್ಟಲು ತುಂಬ ಅರಿಶಿನ ಕಲಸಿಕೊಂಡು ಕಾಯುತ್ತಿದ್ದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಮೆತ್ತಿದರು. ಅರಿಶಿನಕ್ಕೆ ಸುಣ್ಣ ಸೋಕಿದರೆ ಏನಾಗುತ್ತದೆ ಅಂತ ಓಕುಳಿ ಕಲಸಿದ ಯಾರಿಗಾದರೂ ಗೊತ್ತು. ಬ್ಲೀಚಿನಲ್ಲಿರುವ ಕ್ಷಾರವೂ ಅಂಥದ್ದೇ. ಹಳದಿ ಮುಖ ನಮ್ಮೆಲ್ಲರ ಕಣ್ಣೆದುರೇ ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು. ಸೋಪು ಹಾಕಿ ತೊಳೆದರೆ ಇನ್ನೂ ಕೆಂಪಾಯಿತು.

ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತಳು. "ನಿಮ್ಮತ್ರ ಏನಾದ್ರೂ ಮುಚ್ಚೋದು ಇದ್ರೆ ತಂದು ಹಚ್ರಿ. ನಿಮ್ ಕಾಲಿಗೆ ಬೀಳ್ತೀನಿ." ಮುಚ್ಚುವುದು ನನ್ನ ಹತ್ತಿರ ಇದ್ದದ್ದು ಒಂದೇ. ಮನೆಗೆ ಓಡಿದೆ, ಬೀರು ತೆಗೆದೆ, ಸೀರೆಯ ಕೆಳಗೆ ಕೈ ಹಾಕಿ ಡಬ್ಬಿ ಹಿಡಿದೆ. ಮಗಳ ಮದುವೆ, ನನ್ನ ಫೋಟೋ ಎಲ್ಲ ಕಣ್ಣ ಮುಂದೆ ಬಂತು. ನನಗೆ ಅಳುವೇ ಬಂತು. ಕೊನೆಗೆ, ಆ ಹುಡುಗಿಗೂ ಇದೊಂದೇ ಮದುವೆಯಲ್ಲವೇ ಅಂದುಕೊಂಡು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಛತ್ರಕ್ಕೆ ವಾಪಸು ಓಡಿದೆ.

ಅಷ್ಟರಲ್ಲಿ ಅವರ ಕಡೆಯ ಹಿರಿಯ ಅಜ್ಜಿಯೊಬ್ಬರು ಬಂದು, ಹುಡುಗಿಯ ಗಲ್ಲ ಹಿಡಿದು ದೀಪಕ್ಕೆ ತಿರುಗಿಸಿ ನೋಡಿ, "ಮದುವಣಗಿತ್ತಿ ಕಳೆ ಅಂದ್ರೆ ಇದು! ನಮ್ ಕಾಲದಾಗೆ ಯಾರ್ಗೂ ಇಷ್ಟು ಕೆಂಪು ಬಂದಿರ್ಲಿಲ್ಲ," ಅಂತ ತೀರ್ಪು ಕೊಟ್ಟಿದ್ದರು. ದೃಷ್ಟಿಯನ್ನೂ ತೆಗೆದಿದ್ದರು. ಅಳುತ್ತಿದ್ದ ತಾಯಿ ಈಗ ನಗುತ್ತಾ ಎಲ್ಲರಿಗೂ ಮಗಳನ್ನು ತೋರಿಸುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಬಣ್ಣ ತಾನಾಗಿ ಇಳಿಯಿತು. ನಾನು ಡಬ್ಬಿ ತಂದು ಸೀರೆಯ ಕೆಳಗೆ ಇಟ್ಟು ಬೀಗ ಹಾಕಿದೆ.

ಮುಂದಿನ ಲಗ್ನದ ದಿನಗಳಲ್ಲಿ ಅದೇ ಹಳ್ಳಿಯಿಂದ ಇಬ್ಬರು ಮದುವಣಗಿತ್ತಿಯರು ಬಂದರು. "ನಮ್ಗೆ ಈ ಬಿಳೀದು ಬ್ಯಾಡಕ್ಕ. ಆಯಮ್ಮಂಗೆ ಮಾಡಿದ್ರಲ್ಲ, ಆ ಕೆಂಪು ಫೇಶಿಯಲ್ ಮಾಡ್ರಿ."

ಬೀಗಿತ್ತಿಯ ಕೆನ್ನೆ

ಕೊನೆಗೂ ನನ್ನ ಮಗಳ ಮದುವೆ ಬಂತು. ಗಂಡಿನ ಮನೆಯವರು ಆದಿವಾಲದ ಕಡೆಯವರು, ಹುಡುಗ ಹಿರಿಯೂರಿನಲ್ಲಿ ಕೆಲಸದಲ್ಲಿದ್ದ. ನಿಶ್ಚಿತಾರ್ಥದಲ್ಲಿ ಬೀಗಿತ್ತಿ, ಅಂದರೆ ಹುಡುಗನ ತಾಯಿ, ತಲೆ ತುಂಬ ಸೆರಗು ಹೊದ್ದು, ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದರು. ಹಿರಿಯರ ಎದುರು ಇಷ್ಟು ಮರ್ಯಾದೆ ಈ ಕಾಲದಲ್ಲಿ ಎಲ್ಲಿದೆ ಅಂತ ನಮ್ಮತ್ತೆ ಹೊಗಳಿದ್ದರು.

ಮದುವೆಯ ಹಿಂದಿನ ಸಂಜೆ ಬೀಗರ ಬಸ್ಸು ಛತ್ರಕ್ಕೆ ಬಂತು. ಪಾನಕ ಹಿಡಿದು ಎದುರುಗೊಂಡೆವು. ಬೀಗಿತ್ತಿ ಪಾನಕ ತೆಗೆದುಕೊಂಡರು, ಆದರೆ ನಮ್ಮ ಕಡೆ ನೋಡಲಿಲ್ಲ. ವಿಡಿಯೋದವನು ದೀಪ ಹಿಡಿದು ಮುಂದೆ ಬಂದ ಕೂಡಲೇ ಪೂರ್ತಿ ಗೋಡೆಯ ಕಡೆ ತಿರುಗಿದರು. ಒಳಗೆ ಕೂತರೂ ಹಾಗೇ, ಊಟಕ್ಕೆ ಕೂತರೂ ಹಾಗೇ. ಒಂದು ಗಂಟೆಯಲ್ಲಿ ಛತ್ರದ ತುಂಬ ಸುದ್ದಿಯಾಯಿತು, ಬೀಗಿತ್ತಿ ಮುನಿಸಿಕೊಂಡಿದ್ದಾರೆ ಅಂತ.

ನಮ್ಮ ಕಡೆಯವರು ಒಂದು ಕಡೆ ಸೇರಿ ಕಾರಣ ಹುಡುಕತೊಡಗಿದರು. ಪಾನಕಕ್ಕೆ ಬೆಲ್ಲ ಸಾಲಲಿಲ್ಲ ಅಂದರು ಒಬ್ಬರು. ಮತ್ತೆ ಪಾನಕ ಮಾಡಿ ಕಳಿಸಿದೆವು. ಕೊಟ್ಟ ಸೀರೆಯ ಬಣ್ಣ ಹಿಡಿಸಲಿಲ್ಲ ಅಂದರು ಇನ್ನೊಬ್ಬರು. ಸೀರೆ ಬದಲಾಯಿಸಿದೆವು. ಕೋಣೆಯಲ್ಲಿ ಸೆಖೆ ಅಂದರು ಮತ್ತೊಬ್ಬರು. ನನ್ನ ಪಾರ್ಲರಿನ ಟೇಬಲ್ ಫ್ಯಾನು ಹೋಯಿತು. ಬೀಗಿತ್ತಿ ಎಲ್ಲವನ್ನೂ, "ಯಾಕ್ರಿ ಇಷ್ಟೆಲ್ಲ," ಅಂತ ಮೆತ್ತಗೆ ಹೇಳಿ ತೆಗೆದುಕೊಂಡರು. ಮುಖ ಮಾತ್ರ ಗೋಡೆಯ ಕಡೆಗೇ ಇತ್ತು. ನಮ್ಮತ್ತೆ ಕೈ ಮುಗಿಯಲು ಹೋಗಿ ಗೋಡೆಯ ಪಕ್ಕದಲ್ಲಿ ಕೂತರೆ, ಇನ್ನೊಂದು ಕಡೆಗೆ ತಿರುಗಿಬಿಟ್ಟರಂತೆ. "ನನ್ ಮುಖ ನೋಡಕ್ಕೂ ಮನ್ಸಿಲ್ಲ ಆಯಮ್ಮಂಗೆ," ಅಂತ ಅತ್ತೆ ಬಂದು ಕಣ್ಣು ಒರೆಸಿಕೊಂಡರು. ನಾಳೆ ಇದೇ ಮನೆಗೆ ನನ್ನ ಮಗಳು ಹೋಗಬೇಕಲ್ಲ ಅಂತ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮಗಳಿಗೆ ಅಲಂಕಾರ ಮುಗಿಸುವಷ್ಟರಲ್ಲಿ ಮುಹೂರ್ತ ಹತ್ತಿರ ಬಂದಿತ್ತು. ಡಬ್ಬಿ ನನ್ನ ಕೈಚೀಲದಲ್ಲಿತ್ತು, ಇನ್ನೂ ಹಚ್ಚಿಕೊಂಡಿರಲಿಲ್ಲ. ಅಷ್ಟರಲ್ಲಿ ಫೋಟೋದವನು, "ಇಬ್ರು ತಾಯಂದ್ರು ಒಟ್ಟಿಗೆ ನಿಂತ್ಕಳ್ರಿ," ಅಂತ ಕೂಗಿದ. ನಾನು ಅಭ್ಯಾಸಬಲದಿಂದ ಎಡಗೆನ್ನೆ ಮರೆಯಾಗುವ ಜಾಗ ಹುಡುಕಿಕೊಂಡು ಸರಿದೆ. ಬೀಗಿತ್ತಿಯೂ ಅದೇ ಜಾಗಕ್ಕೆ ಸರಿದರು. ನಾನು ಹಿಂದಿನಿಂದ ಸುತ್ತಿಬಂದೆ, ಅವರು ಮುಂದಿನಿಂದ ಸುತ್ತಿಬಂದರು. ಎರಡು ಸುತ್ತು ಹೀಗೇ ತಿರುಗಿದೆವು. ಫೋಟೋದವನು ಕ್ಯಾಮೆರಾ ಇಳಿಸಿ, "ಏನ್ ನಡೀತೈತೆ ಇಲ್ಲಿ?" ಅಂದ.

ಅಷ್ಟರಲ್ಲಿ ಅವರ ಸೆರಗು ಜಾರಿತು. ಎಡಗೆನ್ನೆಯ ಮೇಲೆ ಬಂಗು. ನನ್ನದಕ್ಕಿಂತ ದೊಡ್ಡದು.

ನಾನು ಅವರ ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ನೋಡಬ್ಯಾಡ್ರಿ," ಅಂದರು. "ನೀವು ಪಾರ್ಲರ್ ನಡೆಸೋರು ಅಂತ ಹೇಳಿದ್ರು. ನಿಮ್ಮೆದುರಿಗೆ ಈ ಮುಖ ಇಟ್ಕಂಡು ಹೆಂಗೆ ಕುಂತ್ಕಳ್ಳಿ ಅಂತ ನಂಗೆ ನಾಚಿಕೆ. ಮಗ ಹುಟ್ಟಿದಾಗ ಬಂದಿದ್ದು, ಹೋಗಲೇ ಇಲ್ಲ."

"ಯಾವ ಮಗ?"

"ಇವ್ನೇ, ಹೊರಗೆ ಬಾಸಿಂಗ ಕಟ್ಕಂಡು ನಿಂತಾನಲ್ಲ."

ನಾನು ನನ್ನ ಎಡಗೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. "ಇದು ಒಳಗೆ ಕುಂತಾಳಲ್ಲ, ಅವ್ಳು ಬಂದಾಗ ಬಂದಿದ್ದು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ನಾನು ಡಬ್ಬಿ ತೆಗೆದೆ. ಇಷ್ಟು ವರ್ಷ ಉಳಿಸಿ ಉಳಿಸಿ ಅದು ಸುತ್ತಲೂ ಒಣಗಿ ಬಿರುಕು ಬಿಟ್ಟಿತ್ತು. ನಡುವೆ ಮಾತ್ರ ಸ್ವಲ್ಪ ಮೆತ್ತಗಿತ್ತು, ಒಂದು ಕೆನ್ನೆಗೆ ಆಗುವಷ್ಟು. ಅವರು ಡಬ್ಬಿ ನೋಡಿದರು, ನಾನೂ ನೋಡಿದೆ. ಹೊರಗೆ ಪುರೋಹಿತರು ಕೂಗುತ್ತಿದ್ದರು. ದೊಡ್ಡ ಮನಸ್ಸು ಗಿನಸ್ಸು ಏನೂ ಅಲ್ಲ, ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಆದರೆ ಹೆಣ್ಣಿನ ತಾಯಿ ನಾನು. ಈ ಮುಖ ಹೀಗೇ ಗೋಡೆ ನೋಡಿಕೊಂಡು ಊರಿಗೆ ವಾಪಸು ಹೋಗಬಾರದು. ಇದ್ದದ್ದನ್ನೆಲ್ಲ ಬೆರಳಿನಿಂದ ಬಳಿದು ಅವರ ಕೆನ್ನೆಗೆ ಹಚ್ಚಿ, ಮೇಲೆ ಪೌಡರ್ ಒತ್ತಿದೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಕಲೆ ಪೂರ್ತಿ ಮುಚ್ಚಿತು.

ಬೀಗಿತ್ತಿ ಸೆರಗು ಹಿಂದಕ್ಕೆ ಹಾಕಿ ನೆಟ್ಟಗೆ ಮಂಟಪಕ್ಕೆ ನಡೆದರು. ಎಲ್ಲರನ್ನೂ ನೋಡಿ ನಕ್ಕರು. ನಮ್ಮ ಕಡೆಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಧಾರೆಯ ಹೊತ್ತಿಗೆ ನಾನು ಮಾಮೂಲಿನಂತೆ ಕತ್ತು ತಿರುಗಿಸಿ ನಿಂತಿದ್ದೆ. ಮಗಳು ನನ್ನ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿ, "ಅಮ್ಮ, ಇವತ್ತೊಂದಿನ ನೆಟ್ಟಗೆ ನೋಡು," ಅಂದಳು. ಫೋಟೋದವನು ಅಷ್ಟರಲ್ಲಿ ಒತ್ತಿಬಿಟ್ಟ. ಬಂಗು ಸಮೇತ ಬಿತ್ತು, ನನ್ನ ಫೋಟೋ ಮುಗೀತು ಅಂದುಕೊಂಡೆ.

ನಮ್ಮತ್ತೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ನೋಡಿದ್ಯಾ ಬೀಗಿತ್ತಿ ಹೆಂಗೆ ನಗ್ತಾಳೆ? ಎರಡನೇ ಸಲದ ಪಾನಕದಾಗೆ ಬೆಲ್ಲ ಸರಿಯಾಗಿತ್ತು."

ಗೋಡೆಯ ಮೇಲಿನಾಕೆ

ಆಲ್ಬಮ್ ಬಂತು. ಆಗ ಸ್ಟುಡಿಯೋಗಳಿಗೆ ಕಂಪ್ಯೂಟರ್ ಹೊಸದಾಗಿ ಬಂದಿತ್ತು, ಕಲಿತದ್ದನ್ನೆಲ್ಲ ನಮ್ಮ ಆಲ್ಬಮ್ಮಿನ ಮೇಲೆ ಮಾಡಿದ್ದರು. ಒಬ್ಬರನ್ನೂ ಬಿಡದೆ ಎಲ್ಲರನ್ನೂ ಬೆಳ್ಳಗೆ ಮಾಡಿದ್ದರು. ಧರ್ಮಪುರದಿಂದ ಕಡಲೆಕಾಯಿ ಹೊಲ ಬಿಟ್ಟು ನೇರ ಬಸ್ಸು ಹತ್ತಿ ಬಂದ ನಮ್ಮ ಸೋದರಮಾವ ಬೆಳ್ಳಗೆ. ಹಿಂದೆ ಸಾರಿನ ಬಕೆಟ್ ಹಿಡಿದು ಹಾದುಹೋಗುತ್ತಿದ್ದ ಅಡುಗೆಯವರು ಬೆಳ್ಳಗೆ. ನಮ್ಮತ್ತೆ ತಮ್ಮ ಫೋಟೋ ನೋಡಿ ನೋಡಿ, "ನಾನೇನೂ ಹಚ್ಚಿರ್ಲಿಲ್ಲ. ಮುಖ ತೊಳೆದಿದ್ದೆ ಅಷ್ಟೇ. ನೀನು ಊರ ಹೆಂಗಸ್ರಿಂದ ಸುಮ್ನೆ ಖರ್ಚು ಮಾಡಿಸ್ತೀಯ," ಅಂದರು.

ಪಾಪ, ಕೆಟ್ಟದ್ದು ಬೀಗಿತ್ತಿಯ ಫೋಟೋ. ನನ್ನ ಡಬ್ಬಿಯಿಂದ ಮೊದಲೇ ಬೆಳ್ಳಗಾಗಿದ್ದ ಮುಖವನ್ನು ಕಂಪ್ಯೂಟರು ಇನ್ನಷ್ಟು ಬೆಳ್ಳಗೆ ಮಾಡಿತ್ತು. ಹಿಂದಿನ ಬಿಳಿ ಪರದೆಯಲ್ಲಿ ಮುಖ ಬೆರೆತುಹೋಗಿ, ಸೀರೆಯ ಮೇಲೆ ಎರಡು ಕಣ್ಣು, ಒಂದು ಕುಂಕುಮ, ಒಂದು ಮೂಗುತಿ ಮಾತ್ರ ಉಳಿದಿದ್ದವು. ಆಲ್ಬಮ್ ತಲುಪಿದ ದಿನ ಫೋನ್ ಬಂತು. "ಬೀಗ್ರೇ, ಮದುವೆಗೆ ನಾನು ಬಂದಿದ್ದೆ ಅಲ್ವಾ?"

ನಾನು? ಬರೀ ಮುಖದಲ್ಲಿ ನಿಂತಿದ್ದ ನಾನು ಚೆನ್ನಾಗಿಯೇ ಬಂದಿದ್ದೆ. ಮಗಳ ಪಕ್ಕ, ನೆಟ್ಟಗೆ ಕ್ಯಾಮೆರಾ ನೋಡುತ್ತಾ, ಎರಡೂ ಕೆನ್ನೆ ಒಂದೇ ಬಣ್ಣ. ಬಂಗು ಇದ್ದ ಗುರುತೂ ಇಲ್ಲ. ಎಷ್ಟೋ ವರ್ಷ ಡಬ್ಬಿಗೆ ಬೀಗ ಹಾಕಿ ಕಾದ ಫೋಟೋ ಕಾಸು ಖರ್ಚಿಲ್ಲದೆ ಕೈಗೆ ಬಂದಿತ್ತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹಬ್ಬಕ್ಕೆ ಬಂದ ಮಗಳು ಮಾತ್ರ ಆ ಪುಟದ ಮೇಲೆ ಬೆರಳಾಡಿಸಿ, "ಅಮ್ಮ, ಇದ್ರಾಗೆ ನೀನೆಲ್ಲಿದೀಯ?" ಅಂದಳು. ತೋರಿಸಿದೆ. ಅವಳು ಫೋಟೋದ ಕೆನ್ನೆಯನ್ನು ಮುಟ್ಟಿ, ಆಮೇಲೆ ನನ್ನ ಕೆನ್ನೆಯನ್ನು ಮುಟ್ಟಿ, "ನನ್ ಗುರುತನ್ನೇ ಅಳಿಸಿಬಿಟ್ಟಾರಲ್ಲಮ್ಮ," ಅಂದಳು. ನಾನು ಕಾಫಿ ಇಡುತ್ತೇನೆ ಅಂತ ಎದ್ದು ಒಳಗೆ ಹೋದೆ.

ಆದರೂ ಆಸೆ ಬಿಡಲಿಲ್ಲ. ಅದರಲ್ಲಿ ನನ್ನನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಾರ್ಲರಿನ ಕನ್ನಡಿಯ ಪಕ್ಕ ತೂಗುಹಾಕಿದೆ. ಇನ್ನು ಮೇಲೆ ಬಂದವರು ಕೆನ್ನೆ ನೋಡಿ ಕೇಳಿದರೆ ಗೋಡೆ ತೋರಿಸಿದರಾಯಿತು ಅಂದುಕೊಂಡೆ.

ಮೊದಲು ಬಂದದ್ದು ಹೊಸ ಗಿರಾಕಿ, ಹುಬ್ಬು ತೆಗೆಸುವುದಕ್ಕೆ. ಕುರ್ಚಿಯಲ್ಲಿ ಕೂತು ಫೋಟೋ ನೋಡಿದಳು. ಕಣ್ಣು ಕೀಳದೆ ನೋಡಿದಳು.

"ಯಾರಕ್ಕ ಇವ್ರು? ಮುಖ ಎಷ್ಟು ಚೆನ್ನಾಗೈತೆ!"

ನಾನೇ ಅನ್ನಲು ಬಾಯಿ ತೆರೆದೆ. ಕನ್ನಡಿಯಲ್ಲಿ ನನ್ನ ಮುಖ, ಪಕ್ಕದಲ್ಲಿ ಆ ಮುಖ. ಬೆಳಿಗ್ಗೆಯಿಂದ ನಿಂತು ಕಾಲು ಬೇರೆ ನೋಯುತ್ತಿತ್ತು. ಇದನ್ನೆಲ್ಲ ಯಾರು ವಿವರಿಸುತ್ತಾರೆ ಅನ್ನಿಸಿ, "ನಮ್ ಪೈಕಿಯೋರು," ಅಂದೆ.

ಆಕೆ ನನ್ನ ಎಡಗೆನ್ನೆಯನ್ನು ಒಂದು ಗಳಿಗೆ ನೋಡಿ, ನನ್ನ ಕೈ ಮೇಲೆ ಕೈಯಿಟ್ಟು, ಬಹಳ ಕನಿಕರದಿಂದ ಹೇಳಿದಳು.

"ಉಳಿಸಿ ಉಳಿಸಿ ಏನ್ ಹೊತ್ಕಂಡು ಹೋಗ್ತೀರಕ್ಕ? ನೀವೂ ಒಂದ್ಸಲ ಕೈ ಬಿಚ್ಚಿ ಖರ್ಚು ಮಾಡಿ, ಅವ್ರಂಗೆ ಮಾಡಿಸ್ಕಳ್ರಿ."